ಸಮಾಜಕಾರ್ಯ ಪದವಿ

ಸಮಾಜಕಾರ್ಯವನ್ನು ವೃತ್ತಿಯಾಗಿ ಕಲಿಸುವ ಸ್ನಾತಕ ಶಿಕ್ಷಣಕ್ರಮ, ಬಳಕೆಯಲ್ಲಿ ಬಿ.ಎಸ್.ಡಬ್ಲ್ಯೂ. ಪಿ.ಯು.ಸಿ.ಯಲ್ಲಿ ಯಾವ ವಿಭಾಗ ಓದಿದವರೂ ಸಾಮಾನ್ಯವಾಗಿ ಸೇರಬಹುದು. ಅವಧಿ ಮೂರು ವರ್ಷ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಂದಿತ್ತು. 2024-25ರಿಂದ ಪದವಿಗಳು ಮತ್ತೆ ಮೂರು ವರ್ಷಕ್ಕೆ ಮರಳಿದವು.

ಸಮಾಜಸೇವೆಯೂ ಸಮಾಜಕಾರ್ಯವೂ ಒಂದೇ ಅಲ್ಲ ಎಂಬುದು ಈ ತರಗತಿಯ ಮೊದಲ ಪಾಠ. ಸೇವೆಗೆ ಮನಸ್ಸಿದ್ದರೆ ಸಾಕು. ಸಮಾಜಕಾರ್ಯಕ್ಕೆ ವಿಧಾನ, ತರಬೇತಿ, ನೀತಿಸಂಹಿತೆ ಬೇಕು. ಎಚ್.ಎಂ. ಮರುಳಸಿದ್ಧಯ್ಯನವರಂಥ ಪ್ರಾಧ್ಯಾಪಕರು ಈ ವಿಷಯವನ್ನು ಕನ್ನಡದಲ್ಲೇ ಬರೆದು ಬೆಳೆಸಿದರು. ಊರಿನವರ ಬಾಯಲ್ಲಿ ಮಾತ್ರ ಈ ಪದವೀಧರರು ಇಂದಿಗೂ ‘ಸಮಾಜಸೇವೆ ಓದಿದವರು’.

ಭಾರತದಲ್ಲಿ ಈ ಶಿಕ್ಷಣ ಮೇಲಿನಿಂದ ಕೆಳಗಿಳಿಯಿತು. ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಮುಂಬಯಿಯ ಕಾರ್ಮಿಕ ವಸತಿಯ ನಡುವೆ 1926ರಲ್ಲಿ ನಾಗಪಾಡಾ ನೆರೆಹೊರೆ ಕೇಂದ್ರವನ್ನು ತೆರೆದರು. ಆ ಅನುಭವದ ಬಲದಿಂದ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದೇ. ಅಲ್ಲಿಗೆ ಸೇರುತ್ತಿದ್ದವರು ಪದವೀಧರರು. ಹೀಗಾಗಿ ಸ್ನಾತಕೋತ್ತರ ಶಿಕ್ಷಣ ಮೊದಲು ಬೇರೂರಿತು, ಸ್ನಾತಕ ಪದವಿ ತಡವಾಗಿ ಬಂತು. ಕರ್ನಾಟಕದ ಹಳೆಯ ಕೇಂದ್ರಗಳಲ್ಲಿ ಮಂಗಳೂರಿನ ರೋಶನಿ ನಿಲಯ (1960) ಮುಖ್ಯವಾದುದು.

ಪಠ್ಯದಲ್ಲಿ ಸಮಾಜಶಾಸ್ತ್ರ, ಮನೋವಿಜ್ಞಾನ, ಸಾಮಾಜಿಕ ಕಾನೂನುಗಳ ಜೊತೆ ವೃತ್ತಿಯ ಆರು ವಿಧಾನಗಳಿರುತ್ತವೆ: ವೈಯಕ್ತಿಕ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಮಾಜ ಕಲ್ಯಾಣ ಆಡಳಿತ, ಸಾಮಾಜಿಕ ಕ್ರಿಯೆ ಮತ್ತು ಸಂಶೋಧನೆ. ಇವುಗಳಲ್ಲಿ ಮೊದಲನೆಯದಕ್ಕೆ ಶಾಸ್ತ್ರದ ರೂಪ ಕೊಟ್ಟದ್ದು ಮೇರಿ ರಿಚ್ಮಂಡ್ 1917ರಲ್ಲಿ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನೋಸಿಸ್’.

ಪದವಿಯ ಜೀವಾಳ ಕ್ಷೇತ್ರಕಾರ್ಯ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ವಿದ್ಯಾರ್ಥಿ ಕಾಲೇಜು ಬಿಟ್ಟು ಬಾಲಮಂದಿರಕ್ಕೋ, ಆಸ್ಪತ್ರೆಗೋ, ಕೊಳೆಗೇರಿಗೋ, ಗ್ರಾಮ ಪಂಚಾಯಿತಿಗೋ ಹೋಗುತ್ತಾನೆ. ಸಂಸ್ಥೆಯಲ್ಲೊಬ್ಬರು, ಕಾಲೇಜಿನಲ್ಲೊಬ್ಬರು ಮೇಲ್ವಿಚಾರಕರು. ಪ್ರತಿ ಭೇಟಿಯ ವರದಿ ಬರೆಯಬೇಕು: ಎದುರಿನವರು ಆಡಿದ ಮಾತು ಬೇರೆ, ತನಗೆ ಅನ್ನಿಸಿದ್ದು ಬೇರೆ. ‘ತಂದೆ ಬೇಜವಾಬ್ದಾರಿ ಮನುಷ್ಯ’ ಎಂದು ಬರೆದರೆ ಅದು ತೀರ್ಪು. ‘ಮೂರು ದಿನದಿಂದ ತಂದೆ ಮನೆಗೆ ಬಂದಿಲ್ಲವೆಂದು ಮಗು ಹೇಳಿತು’ ಎಂದರೆ ದಾಖಲೆ. ಈ ವ್ಯತ್ಯಾಸ ಕೈಗೆ ಹತ್ತಲು ಒಂದು ಸೆಮಿಸ್ಟರೇ ಬೇಕಾದೀತು. ಕಷ್ಟ ಕೇಳಿದೊಡನೆ ಜೇಬಿಗೆ ಕೈ ಹಾಕದಿರುವುದು, ಕೇಳಿದ ಗುಟ್ಟನ್ನು ಹಾಸ್ಟೆಲ್ಲಿನಲ್ಲಿ ಹೇಳಿಕೊಳ್ಳದಿರುವುದು, ನಿರ್ಧಾರವನ್ನು ಸಂಬಂಧಪಟ್ಟವರಿಗೇ ಬಿಡುವುದು ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಗ್ರಾಮೀಣ ಶಿಬಿರವೂ ಉಂಟು. ಮನೆಮನೆ ಸಮೀಕ್ಷೆ, ಬೀದಿ ನಾಟಕ, ಶ್ರಮದಾನ, ಊರವರ ಕೈಯಲ್ಲೇ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಸುವುದು ಅಲ್ಲಿನ ದಿನಚರಿ. ಕ್ಷೇತ್ರಕಾರ್ಯವನ್ನು ಸಹಿಗಾಗಿ ಮುಗಿಸುವ ಕಾಲೇಜಿನಲ್ಲಿ ಪದವಿ ಬರಿಯ ಬಿ.ಎ. ಆಗಿ ಉಳಿಯುತ್ತದೆ.

ಸ್ವಯಂಸೇವಾ ಸಂಸ್ಥೆಗಳು, ಮಕ್ಕಳ ರಕ್ಷಣೆಯ ಕೆಲಸ, ಆರೋಗ್ಯ ಯೋಜನೆಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ವಿಭಾಗಗಳು ಪದವೀಧರರಿಗೆ ಕೆಲಸ ಕೊಡುತ್ತವೆ. ಮೇಲಿನ ಹುದ್ದೆಗಳಿಗೆ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಡಬ್ಲ್ಯೂ. ಬೇಕಾಗುವುದೇ ಹೆಚ್ಚು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜಕಾರ್ಯಕರ್ತನಾಗಲು ಅದರ ಮೇಲೆ ಎಂ.ಫಿಲ್. ಕೂಡ ಬೇಕು, ಬೆಂಗಳೂರಿನ ನಿಮ್ಹಾನ್ಸ್ ಆ ತರಬೇತಿಗೆ ಹೆಸರಾದುದು.

ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ಇಡೀ ಸಮಾಜಕಾರ್ಯ ವೃತ್ತಿಯನ್ನು ನಿಯಂತ್ರಿಸುವ ಪ್ರತ್ಯೇಕ ರಾಷ್ಟ್ರೀಯ ಪರಿಷತ್ತು ಭಾರತದಲ್ಲಿಲ್ಲ. ಸಮಾಜಕಾರ್ಯಕರ್ತ ಎನಿಸಿಕೊಳ್ಳಲು ಈ ಪದವಿ ಎಲ್ಲೆಡೆ ಕಡ್ಡಾಯವೂ ಅಲ್ಲ. ಬಾಲನ್ಯಾಯ ಮಂಡಳಿಯಲ್ಲಿ ಇಬ್ಬರು ಸಮಾಜಕಾರ್ಯಕರ್ತರಿರಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅವರಿಗೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ ಏಳು ವರ್ಷ ಕೆಲಸ ಮಾಡಿದ ಅನುಭವ ಇರಬೇಕು. ಇಲ್ಲವೇ ಅವರು ಮಕ್ಕಳ ಮನೋವಿಜ್ಞಾನ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದು ವೃತ್ತಿಯಲ್ಲಿರುವವರಾಗಿರಬೇಕು. ಆ ಪದವಿಗಳ ಸಾಲಿನಲ್ಲಿ ಸಮಾಜಕಾರ್ಯದ ಹೆಸರಿಲ್ಲ.