ಪಂಪ್ ರೂಮಿನ ಚರಿತ್ರೆ: ಆಡುಗೋಡಿಯಿಂದ ವನದುರ್ಗದವರೆಗೆ

ಟರ್ಬೊ ಎಂಜಿನ್ನಿನ ಇಂಧನ ಪಂಪನ್ನು ಬದಲಿಸಿ ಅದರ ಬಲ ಹೆಚ್ಚಿಸುವ ಕೆಲಸ ಇಂದು ನಗರಗಳ ವೇಗದ ಕಾರುಗಳ ಗ್ಯಾರೇಜುಗಳಲ್ಲಿ ನಡೆಯುತ್ತಿದೆಯಾದರೂ, ಕರ್ನಾಟಕದಲ್ಲಿ ಈ ಕಸುಬಿನ ಬೇರು ಇರುವುದು ಲಾರಿ ಮತ್ತು ಟ್ರ್ಯಾಕ್ಟರುಗಳ ಡೀಸೆಲ್ ಪಂಪಿನಲ್ಲಿ. ಎಂಜಿನ್ನಿನ ಚರಿತ್ರೆ ಬರೆದವರು ಪಂಪನ್ನು ಬಿಡಿಭಾಗವೆಂದು ಬದಿಗಿರಿಸಿದ್ದರಿಂದ, ಅದನ್ನು ಬಿಚ್ಚಿ, ಅಳೆದು, ಸರಿಹೊಂದಿಸಿದ ಕೆಲಸಗಾರರ ಜಾಣ್ಮೆಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಸಿಲಿಂಡರಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಟರ್ಬೊಚಾರ್ಜರ್. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಗಾಳಿ ಹೆಚ್ಚಿದ ಮಾತ್ರಕ್ಕೆ ಬಲ ಹೆಚ್ಚುವುದಿಲ್ಲ, ಆ ಗಾಳಿಯಲ್ಲಿ ಉರಿಯಲು ತಕ್ಕಷ್ಟು ಇಂಧನವೂ ಬೇಕು. ಆದ್ದರಿಂದ ಟರ್ಬೊ ಬಂದ ಕಡೆಯಲ್ಲೆಲ್ಲ ಪಂಪಿನ ಪ್ರಶ್ನೆಯೂ ಬಂದಿದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಪರೀಕ್ಷಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಒಳಗೆ ಊದುತ್ತಿದ್ದದ್ದು ಒತ್ತಿದ ಗಾಳಿ, ಅದಕ್ಕೆ ಬೇಕಾಗಿದ್ದ ಭಾರೀ ಕಂಪ್ರೆಸರನ್ನು ರಸ್ತೆಯ ಮೇಲಿನ ವಾಹನ ಹೊರುವಂತಿರಲಿಲ್ಲ. ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆ 1922ರಲ್ಲಿ ಕೈಗೆತ್ತಿಕೊಂಡು 1927ರಲ್ಲಿ ಕಾರ್ಖಾನೆಯ ಉತ್ಪಾದನೆಗೆ ತಂದ ಇಂಜೆಕ್ಷನ್ ಪಂಪು ಆ ತೊಡಕನ್ನು ಬಿಡಿಸಿತು.

ಅದೇ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೋ, ಆರಂಭವಾಯಿತು. ಆಡುಗೋಡಿಯ ಆ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗುಗಳ ಜೊತೆಗೆ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸತೊಡಗಿ, ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆಲ್ಲ ಪೂರೈಸುವಷ್ಟು ಬೆಳೆಯಿತು. ಮೈಕೋ ಲೇಔಟ್ ಎಂಬ ಹೆಸರು ಬೆಂಗಳೂರಿನ ನಕ್ಷೆಯಲ್ಲಿ ಉಳಿದಿರುವುದೂ ಅದರಿಂದಲೇ. ಡೀಸೆಲ್ ಪಂಪು ದುರಸ್ತಿ ಮಾಡುವ ರಾಜ್ಯದ ಪಂಪ್ ರೂಮುಗಳ ಪರಿಭಾಷೆ ಬಹುಮಟ್ಟಿಗೆ ಈ ಪಂಪಿನೊಂದಿಗೇ ಹಬ್ಬಿದ್ದು. ಎಲಿಮೆಂಟ್, ರ್‍ಯಾಕ್, ನಾಜಲ್, ಗವರ್ನರ್, ಡೆಲಿವರಿ ವಾಲ್ವ್ ಎಂಬ ಮಾತುಗಳು ಇಂಗ್ಲಿಷ್ ಓದದ ಮೆಕ್ಯಾನಿಕನಿಗೂ ಮನೆಮಾತಾದವು.

ಈ ಪಂಪಿನ ಒಳಗನ್ನು ತುಸು ನಿಂತು ನೋಡಬೇಕು, ಏಕೆಂದರೆ ಕಸುಬಿನ ಗುಟ್ಟೆಲ್ಲ ಅಲ್ಲಿದೆ. ಪ್ರತಿ ಸಿಲಿಂಡರಿಗೂ ಒಂದು ಪ್ಲಂಜರ್, ಅಂದರೆ ಮೇಲೆ ಕೆಳಗೆ ಆಡುವ ಉಕ್ಕಿನ ಕಡ್ಡಿ, ಮತ್ತು ಅದು ಆಡುವ ಬ್ಯಾರಲ್ ಎಂಬ ಕೊಳವೆ ಇರುತ್ತವೆ. ಎರಡೂ ಸೇರಿ ಒಂದು ಎಲಿಮೆಂಟ್. ಇವುಗಳ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ ಮಾತ್ರವಾದ್ದರಿಂದ, ಒಂದು ಜೋಡಿಯ ಪ್ಲಂಜರನ್ನು ಇನ್ನೊಂದರ ಬ್ಯಾರಲ್ಲಿಗೆ ಹಾಕುವಂತಿಲ್ಲ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ತೋಡೊಂದಿದ್ದು, ಅದು ಬ್ಯಾರಲ್ಲಿನ ತೂತಿಗೆ ಎದುರಾದ ಕ್ಷಣಕ್ಕೆ ಒತ್ತಡ ಇಳಿದು ಸಿಂಚನ ನಿಲ್ಲುತ್ತದೆ. ರ್‍ಯಾಕ್ ಎಂಬ ಹಲ್ಲುಪಟ್ಟಿ ಪ್ಲಂಜರನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಂತೆ ಆ ಕ್ಷಣ ಹಿಂದೆ ಮುಂದೆ ಸರಿದು, ಒಳಹೋಗುವ ಡೀಸೆಲ್ಲಿನ ಪ್ರಮಾಣ ತೀರ್ಮಾನವಾಗುತ್ತದೆ. ಪ್ಲಂಜರಿನ ವ್ಯಾಸವನ್ನು 9 ಮಿಲಿಮೀಟರಿನಿಂದ 10ಕ್ಕೆ ಏರಿಸಿದರೆ ಅಷ್ಟೇ ಓಟದಲ್ಲಿ ಸುಮಾರು ಶೇಕಡಾ 23ರಷ್ಟು ಹೆಚ್ಚು ಇಂಧನ ಹೋಗುತ್ತದೆಂಬ ಲೆಕ್ಕವೇ ದೊಡ್ಡ ಪಂಪಿನ ಆಸೆಗೆ ಮೂಲ.

ಇಂಥ ಪಂಪನ್ನು ಕಣ್ಣಂದಾಜಿನಲ್ಲಿ ಸರಿಪಡಿಸಲಾಗದು. ಪಂಪ್ ರೂಮಿನ ಟೆಸ್ಟ್ ಬೆಂಚಿನ ಮೇಲೆ ಅದನ್ನು ಕೂರಿಸಿ, ನಾಲ್ಕು ಹೊಡೆತದ ಎಂಜಿನ್ನಿನ ವೇಗದ ಅರ್ಧಕ್ಕೆ ವಿದ್ಯುತ್ ಮೋಟಾರಿನಿಂದ ತಿರುಗಿಸಿ, ಎಣಿಸಿದಷ್ಟು ಹೊಡೆತಗಳಲ್ಲಿ ಪ್ರತಿಯೊಂದು ನಾಜಲ್ ಎಷ್ಟು ಎಣ್ಣೆ ಬಿಟ್ಟಿತೆಂಬುದನ್ನು ಗೆರೆ ಹಾಕಿದ ಗಾಜಿನ ಕೊಳವೆಗಳಲ್ಲಿ ಹಿಡಿದು, ಎಲ್ಲದರಲ್ಲೂ ಮಟ್ಟ ಸಮನಾಗುವವರೆಗೆ ಸರಿಹೊಂದಿಸುವ ಈ ಕೆಲಸಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಅದು ಮುಗಿದ ಮೇಲೆ ಗರಿಷ್ಠ ಇಂಧನದ ಮಿತಿ ಹಿಡಿಯುವ ಸ್ಕ್ರೂಗೆ, ಯಾರೂ ತಿರುಗಿಸದಂತೆ, ಸೀಸದ ಸೀಲ್ ಬೀಳುತ್ತದೆ.

ಆ ಸೀಲ್ ಒಡೆಯುವ ಆಸೆ ಹೊಲದಲ್ಲಿ ಹೇಗೆ ಹುಟ್ಟುತ್ತದೆಂಬುದಕ್ಕೆ ವನದುರ್ಗದ ಸೀಮೆಯನ್ನು ನೋಡಬಹುದು. ಶಹಾಪುರ ತಾಲ್ಲೂಕಿನ ವನದುರ್ಗ ಸುರಪುರದ ನಾಯಕರ ಕಾಲದ ಕೋಟೆಗೆ ಹೆಸರಾದ ಊರು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಸೀಮೆ ಬಹುಕಾಲ ಮಳೆಯನ್ನೇ ನೆಚ್ಚಿದ ಜೋಳದ ನಾಡಾಗಿತ್ತು. ನಾರಾಯಣಪುರದಲ್ಲಿ 1982ರಲ್ಲಿ ಬಸವಸಾಗರ ಜಲಾಶಯ ಪೂರ್ಣಗೊಂಡು, ಎಡದಂಡೆ ಕಾಲುವೆ ಮತ್ತು ಅದರ ಶಹಾಪುರ ಶಾಖೆಯ ನೀರು ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಹರಿದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರು ಬಂತು. ಕೇಜ್ ವೀಲ್ ಎಂಬ ಕಬ್ಬಿಣದ ಚಕ್ರ ಕಟ್ಟಿಕೊಂಡು ಕೆಸರುಗದ್ದೆಯಲ್ಲಿ ದಿನವಿಡೀ ಎಳೆಯುವ ಎಂಜಿನ್ನು ಪೂರ್ಣ ಹೊರೆಯಲ್ಲಿ ದುಡಿಯುವಾಗ, ಸೀಲ್ ಒಡೆದು ಸ್ಕ್ರೂವನ್ನು ತುಸು ತಿರುಗಿಸಿ ಎಣ್ಣೆ ಹೆಚ್ಚಿಸುವ ಆಸೆ ಹುಟ್ಟುವುದು ಸಹಜವೇ ಆದರೂ, ಗಾಳಿ ಹೆಚ್ಚಿಸದೆ ಎಣ್ಣೆ ಹೆಚ್ಚಿಸಿದ ಎಂಜಿನ್ನು ಕರಿಹೊಗೆ ಕಾರುತ್ತದೆ, ಕಾಯುತ್ತದೆ, ಎಣ್ಣೆ ವ್ಯರ್ಥವಾಗುತ್ತದೆ. ಈ ಪಾಠ ವೇಗದ ಕಾರಿನವರಿಗಿಂತ ಮೊದಲು ರೈತನಿಗೆ ತಿಳಿದಿತ್ತೆನ್ನುವುದು ಉತ್ಪ್ರೇಕ್ಷೆಯಲ್ಲ.

ಟರ್ಬೊ ಡೀಸೆಲ್ ಬಂದಾಗ ಈ ತೊಡಕಿಗೆ ಪಂಪಿನೊಳಗೇ ಉತ್ತರ ಹುಡುಕಲಾಯಿತು. ಬೂಸ್ಟ್ ಎನ್ನುವ ಟರ್ಬೊ ಗಾಳಿಯ ಒತ್ತಡವನ್ನು ಸಣ್ಣ ಕೊಳವೆಯ ಮೂಲಕ ಪಂಪಿನ ಮೇಲಿನ ಡಯಾಫ್ರಂ ಎಂಬ ತೆಳು ಪರದೆಗೆ ತಂದು, ಒತ್ತಡ ಏರಿದಾಗ ಮಾತ್ರ ಇಂಧನದ ಮಿತಿ ಸಡಿಲಗೊಳ್ಳುವಂತೆ ಮಾಡಿದರು. ಪರದೆ ಹರಿದರೆ ಟರ್ಬೊ ಇದ್ದೂ ಗಾಡಿ ಏರು ಹತ್ತುವುದಿಲ್ಲ. ಟರ್ಬೊ ಹಾಕಿಯೂ ಸೊರಗಿದ ಎಂಜಿನ್ನಿನಲ್ಲಿ ಅನುಭವಿ ಮೆಕ್ಯಾನಿಕ್ ಮೊದಲು ಈ ಕೊಳವೆ ಮತ್ತು ಪರದೆಯನ್ನೇ ನೋಡುತ್ತಾನೆ.

ಪೆಟ್ರೋಲ್ ಕಾರಿನಲ್ಲಿ ಈ ವಿದ್ಯೆಗೆ ಬಹಳ ದಿನ ಅವಕಾಶವಿರಲಿಲ್ಲ. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ನೇ ಆಡಿಸುವ ಡಯಾಫ್ರಂ ಪಂಪು ಅತ್ಯಲ್ಪ ಒತ್ತಡದಲ್ಲಿ ಕಾರ್ಬ್ಯುರೇಟರಿಗೆ ಪೆಟ್ರೋಲ್ ಏರಿಸುತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾಗಿ, ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂದಾಗ, ಟ್ಯಾಂಕಿನೊಳಗೆ ಮುಳುಗಿ ಸುಮಾರು 3 ಬಾರ್ ಒತ್ತಡ ಕೊಡುವ ವಿದ್ಯುತ್ ಪಂಪು ಬಂತು. 2004ರಲ್ಲಿ ಮಾರುಕಟ್ಟೆಗಿಳಿದ 1.8 ಲೀಟರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಟರ್ಬೊ ಪೆಟ್ರೋಲ್ ಕಾರುಗಳೊಂದಿಗೆ ಪಂಪು ಬದಲಿಸುವ ಕೆಲಸ ಇಲ್ಲಿಯೂ ಅರ್ಥ ಪಡೆಯಿತು. 300 ಅಶ್ವಶಕ್ತಿಯ ಟರ್ಬೊ ಎಂಜಿನ್ನು ಪೂರ್ಣ ಬಲದಲ್ಲಿ ಗಂಟೆಗೆ ಸುಮಾರು 110 ಲೀಟರ್ ಪೆಟ್ರೋಲ್ ಬೇಡುತ್ತದೆ. ಆದರೂ ಗಂಟೆಗೆ 255 ಲೀಟರಿನ ಪಂಪನ್ನು ಆರಿಸುವವರಿರುವುದು ದುಂದಿಗಾಗಿ ಅಲ್ಲ. ಇಂಧನದ ಒತ್ತಡ ಬೂಸ್ಟ್‌ಗಿಂತ ಸದಾ 3 ಬಾರ್ ಮೇಲಿರಬೇಕಾಗಿ, 1.5 ಬಾರ್ ಬೂಸ್ಟ್ ಇದ್ದರೆ ಪಂಪು 4.5 ಬಾರ್ ಎದುರಿಸಬೇಕಾಗುತ್ತದೆ. ಎದುರೊತ್ತಡ ಏರಿದಂತೆ, ಬ್ಯಾಟರಿಯ ವೋಲ್ಟೇಜ್ ಇಳಿದಂತೆ ಅದರ ಹರಿವು ಕುಗ್ಗುತ್ತದೆ. ಡೀಸೆಲ್ಲಿನಲ್ಲಿ ಇಂಧನ ಕಡಿಮೆಯಾದರೆ ಬಲ ಮಾತ್ರ ಕುಂದುತ್ತದೆ, ಪೆಟ್ರೋಲ್ ಟರ್ಬೊದಲ್ಲಿ ಹಾಗಾದರೆ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನೇ ಕರಗಬಹುದು.

ಅಷ್ಟರಲ್ಲಿ ಡೀಸೆಲ್ ಪಂಪಿನ ಸ್ವರೂಪವೇ ಬದಲಾಗಿತ್ತು. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಬಂದ, ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಇಂಧನ ಹಂಚುವ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಪಂಪಿನ ಕೆಲಸ ಒತ್ತಡ ಕಾಯುವುದಷ್ಟೇ ಆಗಿ, ಎಷ್ಟು, ಯಾವಾಗ ಎಂಬ ತೀರ್ಮಾನ ಇಸಿಯು ಎಂಬ ಗಣಕದ ಪಾಲಾಯಿತು. 2008ರಲ್ಲಿ ಮೈಕೋ ಬಾಷ್ ಲಿಮಿಟೆಡ್ ಆಯಿತು, ಮುಂದೆ ಆಡುಗೋಡಿಯ ತಯಾರಿಕೆ ಬಿಡದಿಗೆ ಸಾಗಿತು. 2020ರ ಏಪ್ರಿಲ್ 1ರಿಂದ ಹೊಸ ಕಾರು, ಲಾರಿಗಳಿಗೆ ಹೊಗೆಯ ಬಿಎಸ್ 6 ನಿಯಮ ಕಡ್ಡಾಯವಾದ ಮೇಲೆ ಬೆಂಚಿನ ಗಾಜಿನ ಕೊಳವೆಗಳ ಪಕ್ಕದಲ್ಲಿ ಸ್ಕ್ಯಾನರ್ ಮತ್ತು ಲ್ಯಾಪ್‌ಟಾಪ್ ಇಲ್ಲದೆ ಪಂಪ್ ರೂಮ್ ನಡೆಯದಾಯಿತು. ರಸ್ತೆಯ ವಾಹನದ ಮೂಲ ವಿನ್ಯಾಸ ತಿದ್ದುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುವುದರಿಂದ ಬಲ ಹೆಚ್ಚಿಸುವ ಕೆಲಸಕ್ಕೆ ತಕ್ಕ ಜಾಗ ರೇಸಿನ ಟ್ರ್ಯಾಕು. ಹೊಲದ ಮಾತಿಗೆ ಬಂದರೆ, ವನದುರ್ಗದಂಥ ಊರಿನಲ್ಲಿ ಹೊಸ ಕಾಮನ್ ರೈಲ್ ಪಂಪಿಗೆ ದೊಡ್ಡ ಶತ್ರು ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ಲಿಗೆ ಸೇರುವ ನೀರು. ಈ ಪಂಪಿಗೆ ಡೀಸೆಲ್ಲೇ ಜಾರೆಣ್ಣೆಯೂ ಆಗಿರುವುದರಿಂದ, ನೀರು ಬಿದ್ದರೆ ಉಕ್ಕು ಉಕ್ಕಿಗೆ ಉಜ್ಜಿ ಉದುರಿದ ಪುಡಿ ರೈಲನ್ನೂ ಇಂಜೆಕ್ಟರುಗಳನ್ನೂ ಒಟ್ಟಿಗೆ ಕೆಡಿಸುತ್ತದೆ, ಆಗ ಬದಲಿಸಬೇಕಾಗುವುದು ಪಂಪೊಂದನ್ನೇ ಅಲ್ಲ, ಇಡೀ ಇಂಧನ ವ್ಯವಸ್ಥೆಯನ್ನು.