ಇಪ್ಪತ್ತಕ್ಕೆ ನಿಂತ ಆಟ: ಶಹಲೈಲಾ ಬಲೂಚ್

2016ರ ಅಕ್ಟೋಬರ್ 13ರಂದು ಕರಾಚಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಪಾಕಿಸ್ತಾನದ ಫುಟ್ಬಾಲ್ ಆಟಗಾರ್ತಿ ಶಹಲೈಲಾ ಬಲೂಚ್ ಮರಣ ಹೊಂದಿದಳು. ಆಗ ಆಕೆಗೆ ಇಪ್ಪತ್ತು ವರ್ಷ. ಹಲವು ದೇಶಗಳ ಪತ್ರಿಕೆಗಳು ಈ ಸುದ್ದಿಯನ್ನು ಪ್ರಕಟಿಸಿದವು. ಅಪಘಾತದ ಸುದ್ದಿ ನಾಲ್ಕು ದಿನದಲ್ಲಿ ಹಳತಾಗುತ್ತದೆ. ಆದರೆ ಆ ಹುಡುಗಿ ಮೈದಾನ ತಲುಪಿದ್ದು ಹೇಗೆ, ಅಲ್ಲಿ ಆಕೆಗೆ ಆಡಲು ಸಿಕ್ಕಿದ್ದು ಎಷ್ಟು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು.

ಶಹಲೈಲಾ ಹುಟ್ಟಿದ್ದು 1996ರ ಮಾರ್ಚ್ 12ರಂದು. ಆಕೆಯದು ಬಲೂಚಿಸ್ತಾನದ ಕಲಾತ್ ಪ್ರದೇಶದ ಕುಟುಂಬ. ವಿಸ್ತೀರ್ಣದಲ್ಲಿ ಬಲೂಚಿಸ್ತಾನ ಪಾಕಿಸ್ತಾನದ ಅತಿ ದೊಡ್ಡ ಪ್ರಾಂತ. ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಮಾತ್ರ ತೀರಾ ಹಿಂದುಳಿದ ಪ್ರಾಂತ. ಓದಲು ಹೋಗುವುದೇ ಅಲ್ಲಿ ಎಷ್ಟು ಕಷ್ಟವಾಗಿತ್ತು ಎಂಬುದಕ್ಕೆ ಒಂದು ಘಟನೆ ಸಾಕು. 2013ರ ಜೂನ್‌ನಲ್ಲಿ ಕ್ವೆಟ್ಟಾದ ಸರ್ದಾರ್ ಬಹಾದ್ದೂರ್ ಖಾನ್ ಮಹಿಳಾ ವಿಶ್ವವಿದ್ಯಾಲಯದ ಬಸ್ಸಿನಲ್ಲಿ ಬಾಂಬ್ ಸಿಡಿಸಿ 14 ವಿದ್ಯಾರ್ಥಿನಿಯರನ್ನು ಕೊಲ್ಲಲಾಯಿತು. ಅದೇ ವರ್ಷಗಳಲ್ಲಿ ಅದೇ ಪ್ರಾಂತದ ಹೆಸರು ಹೊತ್ತ ಹುಡುಗಿಯರ ಫುಟ್ಬಾಲ್ ತಂಡವೊಂದು ಆಡುತ್ತಿತ್ತು: ಬಲೂಚಿಸ್ತಾನ್ ಯುನೈಟೆಡ್. ಶಹಲೈಲಾ ಅದರ ಸ್ಟ್ರೈಕರ್. ರಾಷ್ಟ್ರೀಯ ತಂಡಕ್ಕೂ ಆಕೆ ಆಯ್ಕೆಯಾಗಿದ್ದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಕೆಯ ತಾಯಿ ರುಬೀನಾ ಇರ್ಫಾನ್ ಸೆನೆಟ್ ಸದಸ್ಯೆಯಾಗಿದ್ದವರು, ಆಗ ಪಾಕಿಸ್ತಾನ ಫುಟ್ಬಾಲ್ ಫೆಡರೇಶನ್ನಿನ ಮಹಿಳಾ ವಿಭಾಗದ ಮುಖ್ಯಸ್ಥೆಯೂ ಆಗಿದ್ದರು. ಅಕ್ಕ ರಾಹೀಲಾ ಝರ್ಮೀನ್ ತಂಡದ ಮ್ಯಾನೇಜರ್ ಆಗಿದ್ದಳು. ಮನೆಯಲ್ಲಿ ಇಷ್ಟು ಬೆಂಬಲ ಇದ್ದುದರಿಂದಲೇ ಬಾಗಿಲು ತೆರೆಯಿತು ಎಂದರೆ ಆಕೆಯ ಪ್ರತಿಭೆಗೆ ಕುಂದೇನಲ್ಲ. ಬಾಗಿಲು ತೆರೆಯಲು ಸೆನೆಟರ್ ತಾಯಿಯೇ ಬೇಕಾದರೆ ಉಳಿದ ಹುಡುಗಿಯರ ಗತಿಯೇನು ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ಆ ದೇಶದಲ್ಲಿ ಮಹಿಳಾ ಫುಟ್ಬಾಲಿಗೆ ಹೆಚ್ಚಿನ ವಯಸ್ಸಾಗಿರಲಿಲ್ಲ. ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ಆರಂಭವಾದದ್ದು 2005ರಲ್ಲಿ. ರಾಷ್ಟ್ರೀಯ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2010ರಲ್ಲಿ, ಢಾಕಾದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ. ತಲೆವಸ್ತ್ರದ ತಕರಾರು ಬೇರೆ. ಅದೇ ಕಾರಣಕ್ಕೆ 2011ರಲ್ಲಿ ಇರಾನಿನ ಹುಡುಗಿಯರಿಗೆ ಒಲಿಂಪಿಕ್ ಅರ್ಹತಾ ಪಂದ್ಯವನ್ನೇ ಆಡಗೊಡಲಿಲ್ಲ. ನಿಯಮ ಬದಲಾಗಿ ತಲೆವಸ್ತ್ರಕ್ಕೆ ಪೂರ್ಣ ಅನುಮತಿ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ.

ಆ ವರ್ಷ ಒಳ್ಳೆಯದೇ ಆಗಿತ್ತು. ಬಲೂಚಿಸ್ತಾನ್ ಯುನೈಟೆಡ್ ರಾಷ್ಟ್ರೀಯ ಚಾಂಪಿಯನ್ ಆಯಿತು. ನವೆಂಬರ್‌ನಲ್ಲಿ ದಕ್ಷಿಣ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ ಇಸ್ಲಾಮಾಬಾದಿನಲ್ಲಿ ನಡೆಯಿತು. ಫೈನಲಿನಲ್ಲಿ ನೇಪಾಳವನ್ನು 6-0ರಿಂದ ಸೋಲಿಸಿ ಕಪ್ ಗೆದ್ದವರು ನಮ್ಮ ಭಾರತದ ಹುಡುಗಿಯರು. 2015ರಲ್ಲಿ ಶಹಲೈಲಾ ಮಾಲ್ಡೀವ್ಸ್‌ಗೆ ಹೋಗಿ ಸನ್ ಹೋಟೆಲ್ಸ್ ಅಂಡ್ ರೆಸಾರ್ಟ್ಸ್ ತಂಡದ ಪರವಾಗಿ ಆಡಿದಳು. ಅಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದಳು. ವಿದೇಶಿ ಲೀಗಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಪಾಕಿಸ್ತಾನಿ ಮಹಿಳೆ ಎಂಬ ಹೆಸರು ಆಕೆಗೆ ಬಂದದ್ದು ಹಾಗೆ. ಆಗ ವಯಸ್ಸು ಹತ್ತೊಂಬತ್ತು.

ಊರಿಗೆ ಮರಳಿದ ಮೇಲೆ ರಾಷ್ಟ್ರೀಯ ತಂಡಕ್ಕೆ ಆಡಲು ಪಂದ್ಯಗಳೇ ಇರಲಿಲ್ಲ. 2015ರಲ್ಲಿ ಫೆಡರೇಶನ್ನಿನ ಚುನಾವಣೆಯ ಜಗಳ ಲಾಹೋರ್ ಹೈಕೋರ್ಟಿನ ಮೆಟ್ಟಿಲೇರಿತು, ಕೋರ್ಟು ಆಡಳಿತಾಧಿಕಾರಿಯನ್ನು ನೇಮಿಸಿತು. ಕುರ್ಚಿಗಾಗಿ ಕಾದಾಡಿದವರು ಪದಾಧಿಕಾರಿಗಳು, ಆಟವಿಲ್ಲದೆ ಕೂತವರು ಆಟಗಾರರು. ಗಂಡಸರ ತಂಡಕ್ಕೂ ಅದೇ ಗತಿಯಾಯಿತು. ಇಸ್ಲಾಮಾಬಾದಿನ ಆ ಕೂಟದ ನಂತರ ಮಹಿಳಾ ತಂಡ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದೆ ಎರಡು ವರ್ಷ ಸಮೀಪಿಸುತ್ತಿದ್ದಾಗ ಶಹಲೈಲಾ ತೀರಿಕೊಂಡಳು. ಅಪಘಾತ ಆಕೆಯ ಆಯುಷ್ಯವನ್ನು ಕಿತ್ತುಕೊಂಡಿತು ನಿಜ. ಆದರೆ ಹದಿನೆಂಟರಿಂದ ಇಪ್ಪತ್ತರವರೆಗಿನ ಆಟವನ್ನು ಕಿತ್ತುಕೊಂಡದ್ದು ಅಪಘಾತವಲ್ಲ.

ಜಗಳ ಅಲ್ಲಿಗೂ ಮುಗಿಯಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಫಿಫಾ ಆ ಫೆಡರೇಶನ್ನನ್ನು ಅಮಾನತು ಮಾಡಿತು, 2018ರ ಮಾರ್ಚ್‌ನಲ್ಲಿ ತೆರವುಗೊಳಿಸಿತು, 2021ರಲ್ಲಿ ಮತ್ತೆ ಅಮಾನತು ಮಾಡಿತು. ಕೊನೆಗೂ ಮಹಿಳಾ ತಂಡ ಮೈದಾನಕ್ಕಿಳಿದದ್ದು 2022ರ ಸೆಪ್ಟೆಂಬರ್‌ನಲ್ಲಿ, ಕಾಠ್ಮಂಡುವಿನ ದಕ್ಷಿಣ ಏಷ್ಯಾ ಚಾಂಪಿಯನ್‌ಶಿಪ್ಪಿನಲ್ಲಿ, ಸುಮಾರು ಎಂಟು ವರ್ಷಗಳ ನಂತರ. ಶಹಲೈಲಾ ಬದುಕಿದ್ದರೆ ಆಗ ಆಕೆಗೆ 26 ವರ್ಷ, ಸ್ಟ್ರೈಕರ್‌ಗೆ ಹೇಳಿ ಮಾಡಿಸಿದ ವಯಸ್ಸು. ಆ ಕೂಟದಲ್ಲಿ ಪಾಕಿಸ್ತಾನ ಮಾಲ್ಡೀವ್ಸ್ ತಂಡವನ್ನು 7-0ರಿಂದ ಸೋಲಿಸಿತು. ಅದರಲ್ಲಿ ನಾಲ್ಕು ಗೋಲು ಹೊಡೆದವಳು ಇಂಗ್ಲೆಂಡಿನಲ್ಲಿ ಆಟ ಕಲಿತ ನಾದಿಯಾ ಖಾನ್.