ಗೊದಮೊಟ್ಟೆ ಮಗುಚುವ ಕೆಲಸ

ಅರಿವಳಿಕೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಬಾಸ್ಟನ್ನಿನ ಈಥರ್ ಡೋಮಿನಿಂದ ಶುರುಮಾಡುತ್ತಾರೆ. 1846ರ ಅಕ್ಟೋಬರ್ 16, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮೇಲ್ಮಹಡಿ. ವಿಲಿಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯ ಗಾಜಿನ ಬುರುಡೆ ಹಿಡಿದು ತಡವಾಗಿ ಬಂದ. ಗಿಲ್ಬರ್ಟ್ ಅಬಟ್ ಎಂಬ ತರುಣ ಅದರಿಂದ ಈಥರ್ ಎಳೆದುಕೊಂಡು ಮಂಪರಿಗೆ ಜಾರಿದ. ಶಸ್ತ್ರವೈದ್ಯ ಜಾನ್ ವಾರನ್ ಕುತ್ತಿಗೆಯ ಗಡ್ಡೆಗೆ ಕತ್ತಿ ಹಾಕಿದರೂ ಹುಡುಗ ಚೀರಲಿಲ್ಲ. ಒಳ್ಳೆಯ ನಾಟಕ, ಆಮೇಲೆ ಪೇಟೆಂಟಿಗಾಗಿ ನಡೆದ ಕಿತ್ತಾಟ ಇನ್ನೂ ಒಳ್ಳೆಯ ನಾಟಕ. ಆದರೆ ಈಥರ್ ಯಾಕೆ ಅರಿವನ್ನು ಅಳಿಸುತ್ತದೆ ಎಂದು ಆ ದಿನ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ಹೋದವರ ಕಥೆಯಲ್ಲಿ ಪ್ರೇಕ್ಷಕರಿಲ್ಲ, ಗೊದಮೊಟ್ಟೆಗಳಿವೆ.

ನನಗೆ ಆ ಕಥೆ ಸಿಕ್ಕಿದ್ದು ಡಿಗ್ರಿ ಓದುವಾಗ, ಅದೇ ಬಾಸ್ಟನ್ನಿನ ಅರಿವಳಿಕೆ ಲ್ಯಾಬೊಂದರಲ್ಲಿ ಕಳೆದ ಬೇಸಿಗೆ ರಜೆಯಲ್ಲಿ. ಕೆಲಸ ಹೇಳುವುದಕ್ಕೆ ಸುಲಭ. ಬೀಕರಿನ ನೀರಿಗೆ ಅಳೆದ ಔಷಧ, ಅದರಲ್ಲಿ ಐದು ಗೊದಮೊಟ್ಟೆ. ಸ್ವಲ್ಪ ಹೊತ್ತಿಗೊಮ್ಮೆ ನಯವಾದ ಗಾಜಿನ ಕಡ್ಡಿಯಿಂದ ಒಂದೊಂದನ್ನೂ ಮೆಲ್ಲಗೆ ಅಂಗಾತ ಮಗುಚಬೇಕು. ಐದು ಸೆಕೆಂಡಿನೊಳಗೆ ತಿರುಗಿಕೊಂಡರೆ ಎಚ್ಚರ, ಇಲ್ಲವಾದರೆ ನಿದ್ದೆ. ಕೊನೆಗೆ ಶುದ್ಧ ನೀರಿಗೆ ಬಿಟ್ಟು, ಮರುದಿನ ಈಜುತ್ತಿವೆಯೇ ನೋಡಬೇಕು. ಏಳದೆ ಹೋದರೆ ಆದದ್ದು ಅರಿವಳಿಕೆಯಲ್ಲ, ವಿಷಪ್ರಯೋಗ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿ ನಕ್ಕರು: "ಇದನ್ನ ನಮ್ಮ ಗದ್ದೇಲೇ ಮಾಡಬಹುದಿತ್ತಲ್ಲ ಮಾರಾಯ!"

ಲ್ಯಾಬಿನ ಹಿರಿಯರೊಬ್ಬರು ಓದಲು ಕೊಟ್ಟದ್ದು ಅರ್ನೆಸ್ಟ್ ಓವರ್ಟನ್ 1901ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕದ ಇಂಗ್ಲಿಷ್ ಅನುವಾದ. ಓವರ್ಟನ್ ಇಂಗ್ಲೆಂಡಿನಲ್ಲಿ ಹುಟ್ಟಿ ಜ್ಯೂರಿಕ್‌ನಲ್ಲಿ ನೆಲೆಸಿದ ಸಸ್ಯಶಾಸ್ತ್ರಜ್ಞ. ಜೀವಕೋಶದೊಳಕ್ಕೆ ಯಾವ ವಸ್ತು ನುಗ್ಗುತ್ತದೆ, ಯಾವುದು ನುಗ್ಗುವುದಿಲ್ಲ ಎಂದು ನೋಡುತ್ತಿದ್ದವನಿಗೆ, ಎಣ್ಣೆಯಲ್ಲಿ ಕರಗುವಂಥವು ಸಲೀಸಾಗಿ ಒಳಹೋಗುವುದು ಕಂಡಿತು. ಅಲ್ಲಿಂದ ಆತ ಅರಿವಳಿಕೆ ಮದ್ದುಗಳತ್ತ, ಗೊದಮೊಟ್ಟೆಗಳತ್ತ ಹೊರಳಿದ. ಪುಸ್ತಕದ ತುಂಬ ಒಂದೊಂದೇ ವಸ್ತುವಿನ ಲೆಕ್ಕ: ಎಷ್ಟು ಕರಗಿಸಿದರೆ ಮರಿಗಳು ನಿಶ್ಚಲವಾಗುತ್ತವೆ, ನೀರು ಬದಲಿಸಿದರೆ ಯಾವಾಗ ಏಳುತ್ತವೆ. ಬೇರೆಯವರಿಗೆ ಅದು ಬೇಸರದ ಓದು. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡುತ್ತಿದ್ದ ನನಗೆ ಹಾಗಾಗಲಿಲ್ಲ.

ಇತ್ತ ಮಾರ್ಬರ್ಗ್‌ನಲ್ಲಿ ಹಾನ್ಸ್ ಮೇಯರ್ ತನ್ನದೇ ದಾರಿಯಲ್ಲಿ, ಎಣ್ಣೆಯಲ್ಲಿ ಕರಗುವುದಕ್ಕೂ ಮದ್ದಿನ ಬಲಕ್ಕೂ ನಂಟಿದೆ ಎಂಬ ಓವರ್ಟನ್‌ನ ತೀರ್ಮಾನಕ್ಕೇ 1899ರಲ್ಲೇ ಬಂದಿದ್ದ. ಒಂದೇ ಸೀಸೆಯಲ್ಲಿ ಆಲಿವ್ ಎಣ್ಣೆ, ನೀರು, ಔಷಧ ಹಾಕಿ ಕುಲುಕಬೇಕು. ಸಾರಿನ ಮೇಲೆ ಒಗ್ಗರಣೆ ತೇಲುವಂತೆ ಎಣ್ಣೆ ಬೇರೆಯಾದ ಮೇಲೆ ಯಾವುದರಲ್ಲಿ ಎಷ್ಟು ಔಷಧ ಉಳಿಯಿತು ಎಂದು ಅಳೆಯಬೇಕು. ಎಣ್ಣೆಯ ಕಡೆಗೆ ಹೆಚ್ಚು ವಾಲಿದಷ್ಟೂ ಔಷಧಕ್ಕೆ ಬಲ ಹೆಚ್ಚು. 1901ರಲ್ಲಿ ಮೇಯರ್ ಮರಿಗಳನ್ನು 3 ಡಿಗ್ರಿಯ ಚಳಿಯಲ್ಲೂ 30 ಡಿಗ್ರಿಯ ಬಿಸಿಯಲ್ಲೂ ಇಟ್ಟು ನೋಡಿದ. ಬಿಸಿಯಾದಾಗ ಆಲ್ಕೋಹಾಲ್ ಎಣ್ಣೆಗೆ ಇನ್ನಷ್ಟು ವಾಲಿತು, ಅದರ ಬಲವೂ ಏರಿತು. ಸ್ಯಾಲಿಸಿಲಮೈಡ್ ಎಣ್ಣೆಯಿಂದ ಹಿಂದೆ ಸರಿಯಿತು, ಅದರ ಬಲ ಇಳಿಯಿತು. ಇಷ್ಟು ಅಚ್ಚುಕಟ್ಟಾದ ಪ್ರಯೋಗ ನಾನು ಪಠ್ಯಪುಸ್ತಕದಲ್ಲೂ ಕಂಡಿಲ್ಲ. ಎಣ್ಣೆ-ನೀರಿನ ಅಳತೆಗಳ ಲೇಖನ 1899ರಲ್ಲಿ ಮೇಯರನ ಲೇಖನದ ಪಕ್ಕದಲ್ಲೇ ಅಚ್ಚಾಗಿತ್ತು. ಬರೆದವನು ಶಿಷ್ಯ ಫ್ರಿಟ್ಸ್ ಬಾಮ್. ನಿಯಮಕ್ಕೆ ಮಾತ್ರ ಮೇಯರ್-ಓವರ್ಟನ್ ಎಂದು ಹೆಸರಾಯಿತು. ಸೀಸೆ ಕುಲುಕಿದವನ ಹೆಸರು ಬಿಟ್ಟುಹೋಗುವುದು ಲ್ಯಾಬುಗಳಲ್ಲಿ ಹೊಸದೇನಲ್ಲ.

ಹಾಗಾದರೆ ಔಷಧ ಕೆಲಸ ಮಾಡುವುದು ಜೀವಕೋಶದ ಕೊಬ್ಬಿನ ಪೊರೆಯಲ್ಲೇ ಇರಬೇಕು ಎಂದು ಎಂಬತ್ತು ವರ್ಷ ನಂಬಿದರು. ಅದಕ್ಕೆ ಪುಷ್ಟಿಯೂ ಸಿಕ್ಕಿತು: 1950ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಆಲ್ಕೋಹಾಲಿನಲ್ಲಿ ಮಲಗಿದ ಗೊದಮೊಟ್ಟೆಗಳ ಮೇಲೆ ನೂರಾರು ವಾತಾವರಣದಷ್ಟು ಒತ್ತಡ ಹೇರಿದಾಗ ಅವು ಎದ್ದು ಈಜಿದವು. ಔಷಧದಿಂದ ಉಬ್ಬಿದ ಪೊರೆ ಒತ್ತಡಕ್ಕೆ ಕುಗ್ಗಿತು ಎಂದು ಆಮೇಲಿನವರು ಅರ್ಥ ಹೇಳಿದರು.

ನಂಬಿಕೆಗೆ ಪೆಟ್ಟು ಬಿದ್ದದ್ದು ಮಿಂಚುಹುಳದಿಂದ. 1984ರಲ್ಲಿ ಲಂಡನ್ನಿನ ಫ್ರಾಂಕ್ಸ್ ಮತ್ತು ಲೀಬ್, ಅದಕ್ಕೆ ಬೆಳಕು ಕೊಡುವ ಲೂಸಿಫರೇಸ್ ಎಂಬ ಪ್ರೋಟೀನನ್ನು ಅರಿವಳಿಕೆ ಮದ್ದುಗಳು ಅದೇ ಬಲದ ಕ್ರಮದಲ್ಲಿ ತಡೆಯುತ್ತವೆ ಎಂದು ತೋರಿಸಿದರು. ಆ ಪ್ರಯೋಗದಲ್ಲಿ ಕೊಬ್ಬಿನ ಸುಳಿವೇ ಇರಲಿಲ್ಲ. 1989ರಲ್ಲಿ ಮ್ಯಾಸಚೂಸೆಟ್ಸ್ ಜನರಲ್‌ನಿಂದ ಇನ್ನೊಂದು ಲೇಖನ ಬಂತು, ಮತ್ತೆ ಗೊದಮೊಟ್ಟೆಗಳ ಮೇಲೆ. ಆಲ್ಕೋಹಾಲಿನ ಇಂಗಾಲದ ಸರಪಳಿ ಉದ್ದವಾದಂತೆ ಬಲ ಏರುತ್ತ ಹೋಗಿ 12ರ ಆಚೆಗೆ ಮುಗ್ಗರಿಸುತ್ತದೆ. 14 ಇಂಗಾಲದ ಆಲ್ಕೋಹಾಲ್ ಎಣ್ಣೆಯಲ್ಲಿ ಚೆನ್ನಾಗಿಯೇ ಕರಗುತ್ತದೆ, ಮರಿಯನ್ನು ಮಾತ್ರ ಮಲಗಿಸುವುದಿಲ್ಲ. ಎಲ್ಲೋ ಒಂದು ಕಡೆ ಅಳತೆ ಮೀರಿದ್ದು ಹಿಡಿಸದಂಥ ಗೂಡು ಇದೆ ಎಂದಾಯಿತು. ಆ ಬೇಸಿಗೆ ನಾನು ಎಣಿಸುತ್ತಿದ್ದದ್ದು ಇದೇ ಬಗೆಯ ಮರಿಗಳನ್ನು.

ಗೂಡು ಸಿಕ್ಕಿದ್ದು ಓವರ್ಟನ್‌ನ ಜ್ಯೂರಿಕ್‌ನಲ್ಲೇ. ಮಿದುಳಿನ ಗಾಬಾ ಗ್ರಾಹಕ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ ಬೆಳೆಸಿದ ಇಲಿಗಳ ಬಗ್ಗೆ 2003ರಲ್ಲಿ ವರದಿ ಬಂತು. ಎಟೊಮಿಡೇಟ್, ಪ್ರೊಪೊಫಾಲ್ ಎಂಬ, ಚುಚ್ಚಿ ಕೊಡುವ ಅರಿವಳಿಕೆ ಮದ್ದುಗಳನ್ನು ಕೊಟ್ಟರೂ ಚಿವುಟಿದಾಗ ಅವು ಕಾಲೆಳೆದುಕೊಂಡವು. ನಿದ್ದೆಯ ಲೆಕ್ಕಕ್ಕೆ ಅವುಗಳನ್ನು ಅಂಗಾತ ಮಲಗಿಸಿ, ತಾವಾಗಿ ತಿರುಗಿಕೊಳ್ಳಲು ಎಷ್ಟು ಹೊತ್ತು ಬೇಕೆಂದು ನೋಡಿದರು. ಈಥರಿನಂಥ, ಉಸಿರಿನಲ್ಲಿ ಎಳೆದುಕೊಳ್ಳುವ ಮದ್ದುಗಳ ಲೆಕ್ಕ ಇಷ್ಟು ಸುಲಭವಾಗಿ ಬಗೆಹರಿದಿಲ್ಲ. ಅವು ಹಲವು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ, ಯಾವುದರಿಂದ ಅರಿವು ಅಳಿಯುತ್ತದೆ ಎಂಬ ವಾದ ಇನ್ನೂ ನಡೆಯುತ್ತಲೇ ಇದೆ.